ವಿದ್ಯಾಸುಂದರಿ ಬೆಂಗಳೂರು ನಾಗರತ್ನಮ್ಮ (1878–1952)

ಕರ್ನಾಟಕ ಸಂಗೀತಕ್ಕೆ ಮೈಸೂರು ಸೀಮೆಯು ನೀಡಿದ ಕಲಾವಿದೆಯರಲ್ಲಿ ಬೆಂಗಳೂರು ನಾಗರತ್ನಮ್ಮನವರ ಹೆಸರು ಪ್ರಮುಖವಾದುದು. ತಿರುವೈಯಾರಿನಲ್ಲಿರುವ ಶ್ರೀ ತ್ಯಾಗರಾಜಸ್ವಾಮಿಗಳ ಸಮಾಧಿ ಮಂದಿರವನ್ನು ಕಟ್ಟಿಸಿದವರು ಇವರು. ಪ್ರತಿ ವರ್ಷ ಪುಷ್ಯ ಬಹುಳ ಪಂಚಮಿಯಂದು ಅಲ್ಲಿ ನಡೆಯುವ ಆರಾಧನೆಯ ವಿಷಯ ನಮ್ಮ ನಾಡಿನ ಸಂಗೀತಾಸಕ್ತರೆಲ್ಲರಿಗೂ ತಿಳಿದಿದೆ. ಮಂದಿರ ಕಟ್ಟಿಸಿದಾಕೆ ನಂಜನಗೂಡಿನಲ್ಲಿ ಹುಟ್ಟಿದವರೆಂಬುದು ಮಾತ್ರ ಅಷ್ಟಾಗಿ ಪ್ರಚಾರ ಪಡೆದಿಲ್ಲ.

ನಾಗರತ್ನಮ್ಮನವರು 1878ರಲ್ಲಿ ದೇವದಾಸಿ ಮನೆತನದ ಪುಟ್ಟಲಕ್ಷ್ಮಿಯವರ ಮಗಳಾಗಿ ಜನಿಸಿದರು. ತಂದೆಯ ಆಶ್ರಯ ತಪ್ಪಿದ ಮಗಳನ್ನು ವಿದ್ಯಾವಂತಳನ್ನಾಗಿ ಮಾಡಬೇಕೆಂಬ ಛಲ ತಾಯಿಯದಾಗಿತ್ತು. ಬಾಲ್ಯದಲ್ಲಿ ಮೈಸೂರಿನಲ್ಲಿ ಸಂಸ್ಕೃತಾಭ್ಯಾಸ ನಡೆಯಿತು. ಅನಂತರ ಬೆಂಗಳೂರಿನಲ್ಲಿ ತ್ಯಾಗರಾಜರ ಶಿಷ್ಯ ಪರಂಪರೆಗೆ ಸೇರಿದ ಮುನಿಸ್ವಾಮಪ್ಪನವರಲ್ಲಿ ಸಂಗೀತ ಶಿಕ್ಷಣವಾಯಿತು. ಕನ್ನಡ, ಸಂಸ್ಕೃತ, ತೆಲುಗು ಭಾಷೆಗಳಲ್ಲಿ ಅವರು ಗಳಿಸಿದ ಪರಿಶ್ರಮ ಮುಂದೆ ಹರಿಕಥೆಯಲ್ಲಿಯೂ ಗ್ರಂಥ ಸಂಪಾದನೆಯಲ್ಲಿಯೂ ಫಲ ನೀಡಿತು. ಹದಿಹರೆಯದಲ್ಲಿಯೇ ತಾಯಿಯನ್ನು ಕಳೆದುಕೊಂಡ ಅವರು ಸ್ವಂತ ವಿದ್ಯೆಯ ಬಲದಿಂದ ಹೆಸರು ಗಳಿಸಿ, ಕಾಲಾನಂತರ ಮದ್ರಾಸಿನಲ್ಲಿ ನೆಲೆಸಿದರು.

ಹದಿನೆಂಟನೆಯ ಶತಮಾನದಲ್ಲಿ ತಂಜಾವೂರಿನ ಆಸ್ಥಾನದಲ್ಲಿದ್ದ ಮುದ್ದುಪಳನಿ ಎಂಬ ಕವಯಿತ್ರಿ ರಚಿಸಿದ ರಾಧಿಕಾ ಸಾಂತ್ವನಮು ಎಂಬ ತೆಲುಗು ಕಾವ್ಯ ಇವರ ಗಮನಕ್ಕೆ ಬಂದಿತು. ಅದರ ಹಿಂದಿನ ಮುದ್ರಣದಲ್ಲಿ ಹಲವು ಪದ್ಯಗಳನ್ನು ಕೈಬಿಡಲಾಗಿತ್ತು. ನಾಗರತ್ನಮ್ಮನವರು ಹಸ್ತಪ್ರತಿಯನ್ನು ಸಂಪಾದಿಸಿ, ಕಾವ್ಯವನ್ನು ಪೂರ್ಣರೂಪದಲ್ಲಿ 1910ರಲ್ಲಿ ಪ್ರಕಟಿಸಿದರು. ಸ್ತ್ರೀಯೊಬ್ಬಳು ಶೃಂಗಾರವನ್ನು ಹೀಗೆ ಬರೆಯಬಹುದೇ ಎಂದು ಆಕ್ಷೇಪಿಸಿದವರಲ್ಲಿ ಸಮಾಜ ಸುಧಾರಕರೆಂದು ಪ್ರಸಿದ್ಧರಾದ ಕಂದುಕೂರಿ ವೀರೇಶಲಿಂಗಂ ಅವರೂ ಇದ್ದರು. ಪುರುಷ ಕವಿಗಳು ಬರೆದಾಗ ಇಲ್ಲದ ಸಂಕೋಚ ಸ್ತ್ರೀ ಬರೆದಾಗ ಮಾತ್ರ ಏಕೆ ಬರಬೇಕೆಂಬುದು ನಾಗರತ್ನಮ್ಮನವರ ವಾದ. ಈ ವಾದಕ್ಕೆ ಸಮರ್ಪಕ ಉತ್ತರ ದೊರೆಯಲಿಲ್ಲ; ದೊರೆತದ್ದು ಪೊಲೀಸರ ಕ್ರಮ. 1911ರಲ್ಲಿ ಪುಸ್ತಕದ ಪ್ರತಿಗಳನ್ನು ವಶಪಡಿಸಿಕೊಂಡು ಕೃತಿಯನ್ನು ನಿಷೇಧಿಸಲಾಯಿತು. ಟಂಗುಟೂರಿ ಪ್ರಕಾಶಂ ಅವರ ಪ್ರಯತ್ನದಿಂದ 1947ರಲ್ಲಿ ನಿಷೇಧ ತೆರವಾಗುವ ವೇಳೆಗೆ ನಾಗರತ್ನಮ್ಮನವರಿಗೆ ಎಪ್ಪತ್ತರ ಸಮೀಪದ ವಯಸ್ಸು.

ತ್ಯಾಗರಾಜರು 1847ರಲ್ಲಿ ದೇಹತ್ಯಾಗ ಮಾಡಿದ್ದರು. ಕಾವೇರಿ ತೀರದಲ್ಲಿದ್ದ ಅವರ ಸಮಾಧಿ ಶಿಥಿಲವಾಗಿ, ಸುತ್ತಲೂ ಗಿಡಗಂಟಿ ಬೆಳೆದಿರುವ ಸಂಗತಿಯನ್ನು ಮೈಸೂರಿನ ಆಸ್ಥಾನ ವಿದ್ವಾಂಸರಾದ ಬಿಡಾರಂ ಕೃಷ್ಣಪ್ಪನವರು ಪತ್ರ ಮುಖೇನ ನಾಗರತ್ನಮ್ಮನವರಿಗೆ ತಿಳಿಸಿದರು. ಅವರು ತಿರುವೈಯಾರಿಗೆ ತೆರಳಿ ಸಮಾಧಿಯ ಜಾಗವನ್ನು ಪಡೆದು, ಹಾಡಿ ಗಳಿಸಿದ ಹಣವನ್ನೂ ಆಭರಣಗಳನ್ನು ಮಾರಿ ಬಂದ ಹಣವನ್ನೂ ತೊಡಗಿಸಿ ಮಂದಿರವನ್ನು ಕಟ್ಟಿಸಿದರು. 1925ರಲ್ಲಿ ಕುಂಭಾಭಿಷೇಕ ನೆರವೇರಿತು.

ಆ ಕಾಲದಲ್ಲಿ ಆರಾಧನೆಯನ್ನು ನಡೆಸುತ್ತಿದ್ದ ವಿದ್ವಾಂಸರು ಎರಡು ಪಕ್ಷಗಳಾಗಿ ಒಡೆದಿದ್ದರು. ಒಂದು ವಿಷಯದಲ್ಲಿ ಮಾತ್ರ ಎರಡೂ ಪಕ್ಷಗಳಲ್ಲಿ ಒಮ್ಮತವಿತ್ತು: ಸ್ತ್ರೀಯರು ಅಲ್ಲಿ ಹಾಡುವಂತಿರಲಿಲ್ಲ. ಮಂದಿರ ಕಟ್ಟಿಸಿದ ನಾಗರತ್ನಮ್ಮನವರಿಗೂ ಈ ನಿರ್ಬಂಧದಿಂದ ವಿನಾಯಿತಿ ದೊರೆಯಲಿಲ್ಲ. ಅವರು ದೂರುತ್ತ ಕೂರದೆ 1927ರಲ್ಲಿ ಕಲಾವಿದೆಯರದೇ ಮೂರನೆಯ ಪಕ್ಷವೊಂದನ್ನು ಕಟ್ಟಿ, ಮಂದಿರದ ಹಿಂಭಾಗದಲ್ಲಿ ಪ್ರತ್ಯೇಕ ಆರಾಧನೆಯನ್ನು ಆರಂಭಿಸಿದರು. 1940ರ ಸುಮಾರಿಗೆ ಪಕ್ಷಗಳೆಲ್ಲವೂ ಒಂದಾದವು. ಸ್ತ್ರೀಯರಿಗೂ ಆರಾಧನೆಯಲ್ಲಿ ಹಾಡುವ ಅವಕಾಶ ಲಭಿಸಿತು.

ದೇವದಾಸಿ ಪದ್ಧತಿಯನ್ನು ತೊಡೆದುಹಾಕಲು ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ಹೋರಾಡುತ್ತಿದ್ದಾಗ, ಆ ಮಸೂದೆಯನ್ನು ವಿರೋಧಿಸಿದ ದೇವದಾಸಿಯರೊಡನೆ ನಾಗರತ್ನಮ್ಮನವರು ನಿಂತಿದ್ದರು ಎಂಬುದನ್ನೂ ಇಲ್ಲಿ ಹೇಳಬೇಕು. ಪದ್ಧತಿಯಲ್ಲಿದ್ದ ಶೋಷಣೆಯನ್ನು ಗಮನಿಸಿದರೆ ಕಾನೂನು ಅಗತ್ಯವಾಗಿತ್ತು. ಆದರೆ ಆಸ್ತಿ, ವಿದ್ಯೆ, ವೃತ್ತಿ ಮೂರನ್ನೂ ತಮ್ಮ ಹೆಸರಿನಲ್ಲಿಯೇ ಹೊಂದಿದ್ದ ಈ ಸ್ತ್ರೀಯರ ಕಲೆಗೆ ಮುಂದೆ ಯಾವ ನೆಲೆಯೆಂಬ ಅವರ ಆತಂಕವನ್ನು ಅಂದು ಕೇಳಿಸಿಕೊಂಡವರು ಕಡಿಮೆ. 1947ರಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಕಾನೂನು ಜಾರಿಗೆ ಬಂದಿತು.

ಕೊನೆಯ ವರ್ಷಗಳನ್ನು ತಿರುವೈಯಾರಿನಲ್ಲಿಯೇ ಕಳೆದ ನಾಗರತ್ನಮ್ಮನವರು ತಮ್ಮ ಆಸ್ತಿಯನ್ನು ಸಮಾಧಿಯ ಪೂಜೆ ಹಾಗೂ ಆರಾಧನೆಗೆಂದು ಉಯಿಲು ಬರೆದಿಟ್ಟರು. ದೇವದಾಸಿಯರೂ ಸೇರಿದಂತೆ ಸ್ತ್ರೀಯರಿಗೆ ಅಲ್ಲಿ ಸೇವೆ ಸಲ್ಲಿಸುವ ಹಕ್ಕು ಇರತಕ್ಕದ್ದೆಂಬ ಷರತ್ತನ್ನೂ ಅದರಲ್ಲಿ ಸೇರಿಸಿದರು. ಸುಮಾರು ಹದಿಮೂರು ವರ್ಷಗಳ ಕಾಲ ಮಂದಿರದ ಹಿಂಭಾಗದಲ್ಲಿ ಕಾದವರಿಗೆ ಬಾಯಿಮಾತಿನ ಅನುಮತಿಗಿಂತ ಬರಹದ ಮೇಲೆ ಹೆಚ್ಚಿನ ನಂಬಿಕೆಯಿದ್ದುದು ಸಹಜವೇ ಆಗಿತ್ತು.

ರಾಧಿಕಾ ಸಾಂತ್ವನಮು 1952ರಲ್ಲಿ ಮರುಮುದ್ರಣಗೊಂಡಿತು. ಅದೇ ವರ್ಷ ಮೇ 19ರಂದು ನಾಗರತ್ನಮ್ಮನವರು ನಿಧನರಾದರು. ತ್ಯಾಗರಾಜರ ಸಮಾಧಿಯ ಸಮೀಪದಲ್ಲಿಯೇ ಅವರ ಸ್ಮಾರಕವಿದ್ದು, ಅವರ ಪ್ರತಿಮೆಯು ಸಮಾಧಿಗೆ ಅಭಿಮುಖವಾಗಿದೆ.