ಹಿರಿಯ ನಾಗರಿಕರ ಮಾಹಿತಿಗಾಗಿ: ಡಾ. ಕೆ. ಶಿವರಾಮ ಕಾರಂತ (1902–1997)

ಕೋಟದಲ್ಲಿ 1902ರ ಅಕ್ಟೋಬರ್ 10ರಂದು ಜನಿಸಿದ ಡಾ. ಕೆ. ಶಿವರಾಮ ಕಾರಂತರು ಪುತ್ತೂರಿನಲ್ಲಿ ದೀರ್ಘಕಾಲ ನೆಲೆಸಿ, ತದನಂತರ ಸಾಲಿಗ್ರಾಮಕ್ಕೆ ಬಂದರು.

60 ವರ್ಷ ಪೂರೈಸಿದವರನ್ನು ಹಿರಿಯ ನಾಗರಿಕರೆಂದು ಪರಿಗಣಿಸಲಾಗುತ್ತದೆ. ಕಾರಂತರ ಮೂಕಜ್ಜಿಯ ಕನಸುಗಳು ಕಾದಂಬರಿ ಪ್ರಕಟವಾದದ್ದು ಆ ವಯಸ್ಸು ದಾಟಿದ ಮೇಲೆ, 1968ರಲ್ಲಿ. ಅದಕ್ಕೆ 1977ನೇ ಸಾಲಿನ ಜ್ಞಾನಪೀಠ ಪ್ರಶಸ್ತಿ ಲಭಿಸಿತು. ಅರ್ಜಿಯ ವಯಸ್ಸಿನ ಕಾಲಂ ಇದನ್ನು ತಿಳಿಸಲಾರದು.

2017–18ರ ಭಾರತದ ದೀರ್ಘಕಾಲಿಕ ವೃದ್ಧಾಪ್ಯ ಅಧ್ಯಯನವು 45 ವರ್ಷ ಮೇಲ್ಪಟ್ಟವರು ಹಾಗೂ ಅವರ ಸಂಗಾತಿಗಳು ಸೇರಿದಂತೆ 72,000ಕ್ಕೂ ಅಧಿಕ ಮಂದಿಯಿಂದ ಕಾಯಿಲೆಗಳ ಜೊತೆಗೆ ದುಡಿಮೆ, ಒಡನಾಟ, ಜ್ಞಾಪಕಶಕ್ತಿಗಳ ವಿವರವನ್ನೂ ಸಂಗ್ರಹಿಸಿತು. ಕಾರಂತರ ಕಾಲದಲ್ಲಿ ಅಂತಹ ರಾಷ್ಟ್ರೀಯ ಸಮೀಕ್ಷೆ ಇರಲಿಲ್ಲ.

ಕೈಗಾ ಅಣುಸ್ಥಾವರವನ್ನು ವಿರೋಧಿಸುತ್ತಿದ್ದ ಅವರು 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿ ಸೋತರು. ಆಗ ಅವರಿಗೆ 87 ವರ್ಷ. 1997ರ ಡಿಸೆಂಬರ್ 9ರಂದು ನಿಧನರಾದರು.