ಕವಿಚಕ್ರವರ್ತಿ ರನ್ನ

ಮುದುವೊಳಲಿನ ಬಳೆಗಾರರ ಕುಲದಲ್ಲಿ ಕ್ರಿ.ಶ. 949ರಲ್ಲಿ ಜನಿಸಿದ ರನ್ನನು ವಿದ್ಯಾಕಾಂಕ್ಷೆಯಿಂದ ಶ್ರವಣಬೆಳಗೊಳಕ್ಕೆ ಬಂದು, ಚಾವುಂಡರಾಯನ ಆಶ್ರಯ ಪಡೆದು, ಅಜಿತಸೇನಾಚಾರ್ಯರ ಶಿಷ್ಯನಾದನು. ಚಿಕ್ಕಬೆಟ್ಟದ ಬಂಡೆಯ ಮೇಲಣ ಕವಿರತ್ನ ಎಂಬ ಅಕ್ಷರಗಳು ಅವನವೇ ಎಂದು ವಿದ್ವಾಂಸರು ಭಾವಿಸುತ್ತಾರೆ. ಅತ್ತಿಮಬ್ಬೆಯ ಪ್ರೇರಣೆಯಿಂದ 993ರಲ್ಲಿ ಅಜಿತಪುರಾಣವನ್ನು ರಚಿಸಿದನು.

ಆದರೂ ಅವನ ಕೀರ್ತಿ ನಿಂತಿರುವುದು ಗದಾಯುದ್ಧದ ಮೇಲೆ. ದುರ್ಯೋಧನನ ತೊಡೆ ಮುರಿಯುವುದೆಂದು ಮೊದಲೇ ಬಲ್ಲ ಕೇಳುಗನನ್ನು ಕವಿ ಹಿಡಿದಿಡುವುದೆಂತು? ಆರಂಭದಲ್ಲಿಯೇ ದ್ರೌಪದಿಯ ಬಿಚ್ಚಿದ ಮುಡಿಯನ್ನೂ ಭೀಮನ ಪ್ರತಿಜ್ಞೆಯನ್ನೂ ಮುಂದಿಟ್ಟು, ಸಿಂಹಾವಲೋಕನಕ್ರಮದಿಂದ ಹಿಂದಣ ಕಥೆಯನ್ನು ನೆನೆಯಿಸುತ್ತಾನೆ. ಬಳಿಕ ಕುರುಪತಿಯನ್ನು ರಣಭೂಮಿಯಲ್ಲಿ ದ್ರೋಣ, ಅಭಿಮನ್ಯು, ದುಶ್ಶಾಸನ, ಕರ್ಣರ ಕಳೇಬರಗಳೆದುರು ನಿಲ್ಲಿಸುತ್ತಾನೆ. ಒಂದೊಂದೂ ಅವನ ಪತನದ ಮುನ್ಸೂಚನೆಯೇ. ವೈಶಂಪಾಯನ ಸರೋವರವನ್ನು ಹೊಕ್ಕವನು ಭೀಮನ ಗರ್ಜನೆಗೆ ನೀರೊಳಗಿದ್ದೂ ಬೆವರುತ್ತಾನೆ. ಆಶ್ರಯದಾತನಾದ ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿದ ಕವಿಯೇ ನಮ್ಮ ಮರುಕವನ್ನೆಲ್ಲ ಛಲದಂಕಮಲ್ಲನ ಕಡೆಗೆ ಹರಿಸಿದುದು ಸೋಜಿಗ!