ಬೆಳಕನ್ನು ಸೋಸಿದ ರಾಮನ್ನರು

ಬೀದರದ ನಮ್ಮ ಕಾಲೇಜಿನಲ್ಲಿ ಒಂದು ದಿನ ಪುಸ್ತಕವೊಂದರೊಳಗಿನ ಜೀವಕೋಶದ ಚಿತ್ರವನ್ನು ನೋಡುತ್ತ ಕುಳಿತಿದ್ದೆ. ಕೋಶಕ್ಕೆ ಆಕಾರ ಕೊಡುವ ಆಕ್ಟಿನ್ ಎಳೆಗಳು ಬಣ್ಣ ಕಟ್ಟಿಸಿಕೊಂಡು ಹಸಿರಾಗಿ ಹೊಳೆಯುತ್ತಿದ್ದವು. ಕೋಶವನ್ನು ಹಿಗ್ಗಿಸಿದಾಗ, ಒತ್ತಿದಾಗ, ಬಣ್ಣವಿಲ್ಲದಿದ್ದರೂ ಎಳೆಗಳು ಹೀಗೆಯೇ ನಡೆದುಕೊಳ್ಳುತ್ತಿದ್ದವೆ ಎಂದು ಭಾಲ್ಕಿಯ ಮಿತ್ರನೊಬ್ಬ ಕೇಳಿದ. ಔರಾದದಿಂದ ಬಂದ ನಾನು ನಿರುತ್ತರನಾದೆ. ಉತ್ತರವನ್ನು ಹುಡುಕುವಾಗ ನನಗೆ ದಾರಿ ತೋರಿದ್ದು ಸರ್ ಸಿ. ವಿ. ರಾಮನ್ನರ ಜೀವನ.

ರಾಮನ್ನರು 1888ರ ನವೆಂಬರ್ 7ರಂದು ತಿರುಚಿನಾಪಳ್ಳಿಯಲ್ಲಿ ಜನಿಸಿದರು. 1907ರಲ್ಲಿ ಸರಕಾರದ ಹಣಕಾಸು ಇಲಾಖೆಯನ್ನು ಸೇರಿ ಕಲ್ಕತ್ತೆಗೆ ಹೋದರು. ಹಗಲು ಕಚೇರಿ, ಉಳಿದ ಹೊತ್ತು ಪ್ರಯೋಗಶಾಲೆ. 1917ರಲ್ಲಿ ದೊಡ್ಡ ಸಂಬಳದ ಆ ಹುದ್ದೆಯನ್ನು ತೊರೆದು ಪ್ರಾಧ್ಯಾಪಕರಾದರು. 1921ರಲ್ಲಿ ಹಡಗಿನಿಂದ ಕಂಡ ಕಡಲಿನ ನೀಲಿಯು ಅವರನ್ನು ಬೆಳಕಿನ ಚದರಿಕೆಯ ಅಭ್ಯಾಸಕ್ಕೆ ಸೆಳೆಯಿತು.

1923ರಲ್ಲಿ ಶಿಷ್ಯರಾದ ರಾಮನಾಥನ್ ನೀರಿನಲ್ಲಿ ಚದರಿದ ಬೆಳಕಿನೊಡನೆ ಬೇರೆ ಬಣ್ಣದ ಮಂದ ಬೆಳಕೊಂದನ್ನು ಕಂಡರು. ಬೆಳಕನ್ನು ಹೀರಿಕೊಂಡ ವಸ್ತು ತಾನೇ ಬೇರೆ ಬಣ್ಣದಲ್ಲಿ ಹೊಳೆಯುವುದಕ್ಕೆ ಪ್ರತಿದೀಪ್ತಿ ಎಂದು ಹೆಸರು. ಇದೂ ನೀರಿನ ಕಲ್ಮಶದ ಪ್ರತಿದೀಪ್ತಿಯೆಂದೇ ಮೊದಲು ಎಣಿಸಿದರು. ಆದರೆ ಎಷ್ಟು ಸಲ ಶುದ್ಧಗೊಳಿಸಿದರೂ ಆ ಬೆಳಕು ಮಾಯವಾಗಲಿಲ್ಲ. 1928ರಲ್ಲಿ ರಾಮನ್ನರು ಕೆ. ಎಸ್. ಕೃಷ್ಣನ್ನರೊಡನೆ ಸುಮಾರು 60 ದ್ರವಗಳನ್ನು ಪರೀಕ್ಷಿಸಿದರು. ಎಲ್ಲದರಲ್ಲಿಯೂ ಅದೇ ಬೆಳಕು! ಅದು ಕಲ್ಮಶದ ಹೊಳಪಲ್ಲ, ಅಣುಗಳೇ ಬೆಳಕಿನ ಬಣ್ಣವನ್ನು ಬದಲಿಸುತ್ತವೆ ಎಂಬುದು ಸಿದ್ಧವಾಯಿತು. 1930ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. 1933ರಲ್ಲಿ ಬೆಂಗಳೂರಿಗೆ ಬಂದು ವಿಜ್ಞಾನ ಮಂದಿರದ ನಿರ್ದೇಶಕರಾದರು. 1948ರಲ್ಲಿ ತಮ್ಮದೇ ಸಂಶೋಧನಾಲಯವನ್ನು ಕಟ್ಟಿದರು. 1970ರ ನವೆಂಬರ್ 21ರಂದು ಅಲ್ಲಿಯೇ ಕಣ್ಮುಚ್ಚಿದರು.

ಮಿತ್ರನ ಪ್ರಶ್ನೆಗೆ ಈಗ ಉತ್ತರವುಂಟು. ನಮ್ಮ ಬಿದ್ರಿ ಕುಶಲಿಗರು ಗೀರು ಕಾಣಲೆಂದು ಲೋಹಕ್ಕೆ ಮೈಲುತುತ್ತದ ನೀರು ಹಚ್ಚಿ ಕಪ್ಪಾಗಿಸುತ್ತಾರೆ. ಬೆಳ್ಳಿ ಕೂರಿಸಿದ ಮೇಲೆ ಅದನ್ನು ಉಜ್ಜಿ ತೆಗೆಯುತ್ತಾರೆ. ಕೋಶದ ಬಣ್ಣ ಹಾಗಲ್ಲ, ಎಳೆಯನ್ನೇ ಹಿಡಿದು ಕೂರುತ್ತದೆ. ಬಣ್ಣ ಹೊತ್ತ ಫ್ಯಾಲಾಯ್ಡಿನ್ ಎಂಬ ಪದಾರ್ಥವು ಆಕ್ಟಿನ್ ಎಳೆಗಳನ್ನು ಬಿಚ್ಚಿಕೊಳ್ಳಗೊಡುವುದಿಲ್ಲ. ಒತ್ತಡ ಬಿದ್ದಾಗ ಬಿಚ್ಚಿಕೊಂಡು ಮತ್ತೆ ಹೆಣೆದುಕೊಳ್ಳುವುದೇ ಜೀವಂತ ಎಳೆಗಳ ಸ್ವಭಾವ. ಅದಕ್ಕೇ ಅಡ್ಡಿಯಾದರೆ ನಾವು ಕಾಣುವುದು ಕೋಶದ ಬಲವನ್ನೋ, ಬಣ್ಣದ ಬಲವನ್ನೋ? ರಾಮನ್ ಬೆಳಕಿನಿಂದ ಬಣ್ಣವಿಲ್ಲದೆಯೇ ಕೋಶವನ್ನು ನೋಡಬಹುದು. ಆದರೆ ಅದು ಅತಿ ಕ್ಷೀಣವಾದುದರಿಂದ ಒಂದೊಂದೆಳೆಯನ್ನು ಗುರುತಿಸಲು ಬಣ್ಣವನ್ನು ಬಿಡುವಂತಿಲ್ಲ.

ಆದುದರಿಂದ, ಮಿತ್ರರೆ, ಬಣ್ಣವನ್ನು ಬಳಸೋಣ. ಬಣ್ಣವಿಲ್ಲದ ಕೋಶವನ್ನೂ ಪಕ್ಕದಲ್ಲಿಟ್ಟು ಹೋಲಿಸೋಣ. ಹೊಳೆಯುವುದು ಎಲ್ಲಿಂದ ಹೊಳೆಯುತ್ತಿದೆ ಎಂದು ಐದು ವರ್ಷ ಬೆನ್ನುಹತ್ತಿದ ರಾಮನ್ನರಿಗೆ ನಾವು ಸಲ್ಲಿಸಬಹುದಾದ ಗೌರವ ಅದೇ.